ಜ್ವರ ಬಂದ ದಿನದ ಸಂಬಳ: ಅಂಗಡಿ, ಆಫೀಸಿನವರು ಕೇಳಿ ಪಡೆಯುವುದು ಹೇಗೆ

ನಾನು ಲೆಕ್ಕ ಬರೆಯುವವನು. ಚಿಕ್ಕಪೇಟೆಯ ಬಟ್ಟೆ ಹೋಲ್‌ಸೇಲ್ ಅಂಗಡಿಗಳಲ್ಲಿ 21 ವರ್ಷದಿಂದ ಇದೇ ಕೆಲಸ. ಬಿಲ್ಲು, ಬ್ಯಾಂಕು, ಜಿಎಸ್‌ಟಿ, ತಿಂಗಳ ಕೊನೆಗೆ ಹುಡುಗರ ಸಂಬಳ. ಹಾಜರಿ ಪುಸ್ತಕ ನನ್ನ ಟೇಬಲ್ ಮೇಲೇ ಇರುತ್ತದೆ. ಬಂದವರಿಗೆ 'ಪಿ', ಬಾರದವರಿಗೆ 'ಎ'. 'ಎ' ಬಿದ್ದರೆ ಆ ದಿನದ ಸಂಬಳ ಇಲ್ಲ. ಜ್ವರ ಬಂದು ಮಲಗಿದ್ದನೋ, ಗಾಡಿಯಿಂದ ಬಿದ್ದನೋ, ಗೆಳೆಯನ ಮದುವೆಗೆ ಹೋದನೋ, ಎಲ್ಲಕ್ಕೂ ಅದೇ ಒಂದು ಅಕ್ಷರ. ನಾನೇ ಬರೆದಿದ್ದೇನೆ, ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ.

2019ರ ಆಗಸ್ಟಿನಲ್ಲಿ ನನಗೇ ಡೆಂಗಿ ಬಂತು. ಏಳು ಕೆಲಸದ ದಿನ ಮನೆಯಲ್ಲಿ. ವಾಪಸ್ ಬಂದು ಪುಸ್ತಕ ತೆರೆದರೆ ನನ್ನ ಹೆಸರಿನ ಮುಂದೆ ಸಾಲಾಗಿ ಏಳು 'ಎ'. ಯಜಮಾನರ ಅಣ್ಣನ ಮಗ ಬರೆದಿದ್ದ. ನನ್ನದೇ ಪುಸ್ತಕ, ನನ್ನದೇ ಪೆನ್ನು. ಆಗ ನನ್ನ ಸಂಬಳ 15,600. ಅದನ್ನು ತಿಂಗಳ ಕೆಲಸದ ದಿನ ಅಂತ ಹಿಡಿಯುವ 26ರಿಂದ ಭಾಗಿಸಿದರೆ ದಿನಕ್ಕೆ 600. ಏಳು ದಿನಕ್ಕೆ 4,200 ರೂಪಾಯಿ ಹೋಯಿತು. ಆಸ್ಪತ್ರೆ ಖರ್ಚು ಬೇರೆ.

ನಮ್ಮ ಅಂಗಡಿಗೆ ಪಿಎಫ್ ಕೆಲಸಕ್ಕೆ ಬರುತ್ತಿದ್ದ ಒಬ್ಬ ಕನ್ಸಲ್ಟೆಂಟ್ ಹತ್ತಿರ ಇದನ್ನು ಹೇಳಿಕೊಂಡೆ. ಬೈ-ಟೂ ಕಾಫಿ ಕುಡಿಯುತ್ತಾ ಆತ ನಕ್ಕ. "ಅಲ್ಲಯ್ಯಾ, ವರ್ಷಾ ವರ್ಷ ಫಾರಂ ಎಫ್ ತುಂಬೋನು ನೀನೇ. ಅದು ಏನಕ್ಕೆ ಅಂತ ಒಂದ್ಸಲಾನೂ ಓದಿಲ್ವಾ?" ಅಂದ.

ಓದಿರಲಿಲ್ಲ. ಲೇಬರ್ ಇನ್ಸ್‌ಪೆಕ್ಟರ್ ಬರುತ್ತಾರೆ ಅಂದಾಗ ಯಜಮಾನರು ಒಂದು ಉದ್ದನೆಯ ರಿಜಿಸ್ಟರ್ ಕೊಡುತ್ತಿದ್ದರು. "ಎಲ್ಲರಿಗೂ ರಜೆ ಕೊಟ್ಟಿದೆ ಅಂತ ತುಂಬಿಬಿಡು" ಅನ್ನುತ್ತಿದ್ದರು. ತುಂಬುತ್ತಿದ್ದೆ. ಅದು ಸಂಬಳ ಸಹಿತ ರಜೆಯ ರಿಜಿಸ್ಟರ್. ಆ ಪುಸ್ತಕದ ಪ್ರಕಾರ ನಮ್ಮ ಅಂಗಡಿಯ ಎಂಟೂ ಜನ ಪ್ರತಿ ವರ್ಷ ಪೂರ್ತಿ ರಜೆ ತೆಗೆದುಕೊಂಡು, ಸಂಬಳವನ್ನೂ ಎಣಿಸಿಕೊಂಡಿದ್ದರು. ನಾನೂ ಸೇರಿದಂತೆ.

ಇಷ್ಟನ್ನೂ ಹೇಳಿದ್ದು ಸುಮ್ನೆ ಅಲ್ಲ. ಕಾನೂನಿನಲ್ಲಿ ರಜೆ ಇದೆ. ಆದರೆ ಅದರ ಕಾಗದ ಇರುವುದು ಇನ್ನೊಬ್ಬರ ಕೈಯಲ್ಲಿ. ನಿಮ್ಮ ಹತ್ತಿರವೂ ಒಂದು ಕಾಗದ ಇರಬೇಕು. ಮುಂದೆ ಹೇಳುವುದೆಲ್ಲ ಅದನ್ನು ಮಾಡಿಕೊಳ್ಳುವ ಬಗೆ.

ಮೊದಲು ಕಾನೂನು ಏನು ಕೊಡುತ್ತದೆ ನೋಡೋಣ. ನಮ್ಮದು ರಾಜ್ಯದ ಕಾಯ್ದೆ. ಹೆಸರು ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಹೆಸರಿನಲ್ಲಿ ಅಂಗಡಿ ಅಂತ ಇದ್ದರೂ ಬಟ್ಟೆ ಅಂಗಡಿ, ಕಿರಾಣಿಗೆ ಮಾತ್ರ ಅಲ್ಲ. ಹೋಟೆಲ್, ಟ್ರಾವೆಲ್ಸ್ ಆಫೀಸ್, ಕಾಲ್ ಸೆಂಟರ್, ಸಾಫ್ಟ್‌ವೇರ್ ಕಂಪನಿ ಎಲ್ಲ ಇದರ ಕೆಳಗೇ ಬರುತ್ತವೆ. ಫ್ಯಾಕ್ಟರಿಯವರಿಗೆ, ಸರ್ಕಾರಿ ಕಚೇರಿ ಮತ್ತು ಬ್ಯಾಂಕಿನವರಿಗೆ ನಿಯಮ ಬೇರೆ. ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ ಇರುವವರು ಮತ್ತು ಓನರ್ ಮನೆಯವರು ಇದರ ಲೆಕ್ಕಕ್ಕೆ ಬರುವುದಿಲ್ಲ. ಕೆಲಸ ಕಲಿಯಲು ಬಂದ ಅಪ್ರೆಂಟಿಸ್ ಹುಡುಗ ಬರುತ್ತಾನೆ. ಏಜೆನ್ಸಿ ಮೂಲಕ ಬಂದವನೂ ಬರುತ್ತಾನೆ.

ಈ ಕಾಯ್ದೆಯ 15ನೇ ಸೆಕ್ಷನ್ನಿನಲ್ಲಿ ಎರಡು ಥರದ ರಜೆ ಇದೆ. ಇವೆರಡನ್ನೂ ಕಲಸಿಬಿಡುವುದರಲ್ಲೇ ಅರ್ಧ ಮೋಸ ನಡೆಯುತ್ತದೆ. ಹಾಗಾಗಿ ನಿಧಾನವಾಗಿ ನೋಡಿ.

ಒಂದು, ಗಳಿಕೆ ರಜೆ. 20 ದಿನ ಕೆಲಸ ಮಾಡಿದರೆ ಒಂದು ದಿನ. ಉಳಿದದ್ದು ಮುಂದಿನ ವರ್ಷಕ್ಕೆ ಸೇರುತ್ತದೆ. ಮೊದಲು 30 ದಿನದವರೆಗೆ ಸೇರಿಸಿಕೊಳ್ಳಬಹುದಿತ್ತು, ತಿದ್ದುಪಡಿ ಆದ ಮೇಲೆ 45.

ಇನ್ನೊಂದು, ಕಾಯಿಲೆ ಬಿದ್ದಾಗ ಅಥವಾ ಅಪಘಾತ ಆದಾಗ ಸಿಗುವ ರಜೆ. ವರ್ಷಕ್ಕೆ 12 ದಿನದವರೆಗೆ, ಸಂಬಳದ ಜೊತೆ. ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೂ ಇದೆ. "ಇನ್ನೂ ವರ್ಷ ತುಂಬಿಲ್ಲ, ನಿಂಗೆಲ್ಲಿ ರಜೆ" ಅನ್ನುವ ಮಾತು ನಿಲ್ಲುವುದಿಲ್ಲ. ಇದು ಗಳಿಕೆ ರಜೆಯ ಹಾಗೆ ಕೂಡಿಕೊಂಡು ಹೋಗುವಂಥದ್ದಲ್ಲ. ಆ ವರ್ಷದ್ದು ಆ ವರ್ಷಕ್ಕೆ.

ಈ 12, ಗಳಿಕೆ ರಜೆಯ ಮೇಲೆ ಇನ್ನೂ 12. ಅದರೊಳಗಿನ 12 ಅಲ್ಲ. ಎಷ್ಟೋ ಕಡೆ ಜ್ವರಕ್ಕೆ ಮಲಗಿದ ದಿನವನ್ನು ಗಳಿಕೆ ರಜೆಯಲ್ಲಿ ಕಳೆದು, "ಸಂಬಳ ಕೊಟ್ಟಿದ್ದೀವಲ್ಲ" ಅನ್ನುತ್ತಾರೆ. ಸಂಬಳ ಬಂತು ಅಂತ ಹುಡುಗನೂ ಸುಮ್ಮನಾಗುತ್ತಾನೆ. ದೀಪಾವಳಿಗೆ ಊರಿಗೆ ಹೋಗೋಣ ಅಂದಾಗ ರಜೆ ಇಲ್ಲ ಅಂತ ಗೊತ್ತಾಗುತ್ತದೆ. ವಾರದ ರಜೆ ಬೇರೆ, ಹಬ್ಬದ ರಜೆ ಬೇರೆ. ನವೆಂಬರ್ 1 ಮತ್ತು ಆಗಸ್ಟ್ 15 ಇನ್ನೊಂದು ಕಾಯ್ದೆಯಿಂದ ಬರುವ ರಜೆಗಳು. ಅವನ್ನು ತೋರಿಸಿ "ಕೊಟ್ಟಾಯ್ತು" ಅಂದರೆ ಒಪ್ಪಬೇಡಿ.

2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು ಅಲ್ವಾ. ಹಳೇ ಕಾಯ್ದೆ ಎಲ್ಲ ಹೋಯಿತು ಅಂತ ನನಗೂ ಒಬ್ಬರು ಹೇಳಿದರು. ಹೋದದ್ದು ಕೇಂದ್ರದ ಹಳೇ ಕಾಯ್ದೆಗಳು. ಅಂಗಡಿ ಕಾಯ್ದೆ ರಾಜ್ಯದ್ದು, ಆ ಪಟ್ಟಿಯಲ್ಲಿ ಇಲ್ಲ.

ಈಗ ಕೆಲಸದ ವಿಷಯ. ಬೆಳಿಗ್ಗೆ ಎದ್ದಿರಿ, ಮೈ ಕೆಂಡದ ಹಾಗೆ ಸುಡುತ್ತಿದೆ. ಏನು ಮಾಡಬೇಕು?

ಅಂಗಡಿ ಬಾಗಿಲು ತೆರೆಯುವುದಕ್ಕೆ ಮೊದಲೇ ತಿಳಿಸಿ. ಫೋನ್ ಮಾಡಿ ಹೇಳಿದರೂ ಅದರ ಹಿಂದೆಯೇ ಒಂದು ವಾಟ್ಸಾಪ್ ಮೆಸೇಜ್ ಹಾಕಿ. ಫೋನಿನ ಮಾತಿಗೆ ಸಾಕ್ಷಿ ಇಲ್ಲ. ಪಕ್ಕದ ಹುಡುಗನಿಗೆ "ಅಣ್ಣಂಗೆ ಹೇಳ್ಬಿಡು ಮಗಾ" ಅಂತ ಹೇಳಿ ಕಳಿಸುವುದನ್ನಂತೂ ಬಿಡಿ. ನನ್ನ ಪುಸ್ತಕದಲ್ಲಿ ಬಿದ್ದ 'ಎ'ಗಳಲ್ಲಿ ಜಾಸ್ತಿ ಪಾಲು ಹೀಗೆ ಹೇಳಿ ಕಳಿಸಿದವರದ್ದೇ. ಮೆಸೇಜ್ ಉದ್ದ ಬೇಡ. ಹೀಗಿದ್ದರೆ ಸಾಕು:

"ಸರ್, ನಿನ್ನೆ ರಾತ್ರಿಯಿಂದ ಜ್ವರ. ಇವತ್ತು ಡಾಕ್ಟರ್ ಹತ್ತಿರ ಹೋಗುತ್ತಿದ್ದೇನೆ. ಇವತ್ತು ಮತ್ತು ನಾಳೆ ಕಾಯಿಲೆ ರಜೆ ಬೇಕು. ಎಷ್ಟು ದಿನ ಆಗುತ್ತದೆ ಅಂತ ಸಂಜೆ ತಿಳಿಸುತ್ತೇನೆ."

ಇದರಲ್ಲಿ ಮುಖ್ಯವಾದ ಮಾತು 'ಕಾಯಿಲೆ ರಜೆ'. 'ಬರೋಕಾಗಲ್ಲ' ಅಂತ ಮಾತ್ರ ಬರೆದರೆ ಅದು ಗೈರುಹಾಜರಿ. 'ರಜೆ ಬೇಕು' ಅಂದರೆ ಯಾವ ರಜೆ ಅಂತ ಅವರೇ ತೀರ್ಮಾನ ಮಾಡಿಕೊಳ್ಳುತ್ತಾರೆ. ಹೆಸರು ಹೇಳಿ ಕೇಳಿ. ಸಂಜೆ ತಿಳಿಸುತ್ತೇನೆ ಅಂದಿದ್ದರೆ ತಿಳಿಸಿ.

ಎರಡನೆಯದು ಡಾಕ್ಟರ್ ಚೀಟಿ. ಒಂದು ದಿನದ ನೆಗಡಿಗೆ ಯಾರೂ ಸರ್ಟಿಫಿಕೇಟ್ ಮಾಡಿಸುವುದಿಲ್ಲ, ಗೊತ್ತು. ಆದರೆ ಎರಡು ದಿನ ದಾಟುತ್ತದೆ ಅನ್ನಿಸಿದರೆ ಮೊದಲ ದಿನವೇ ಹೋಗಿ. ನಾಲ್ಕನೇ ದಿನ ಹೋದರೆ ಚೀಟಿಯ ಮೇಲೆ ನಾಲ್ಕನೇ ದಿನದ ತಾರೀಖು ಬರುತ್ತದೆ, ಹಿಂದಿನ ಮೂರು ದಿನಕ್ಕೆ ಲೆಕ್ಕ ಸಿಗುವುದಿಲ್ಲ. ಚೀಟಿಯಲ್ಲಿ ನಿಮ್ಮ ಹೆಸರು, ತಾರೀಖು, ಎಷ್ಟು ದಿನ ವಿಶ್ರಾಂತಿ ಬೇಕು ಅನ್ನುವುದು, ಡಾಕ್ಟರ ಸಹಿ, ಅವರ ನೋಂದಣಿ ನಂಬರ್ ಇರುವ ಸೀಲು ಇರಲಿ. ಮಾತ್ರೆ ಹೆಸರು ಮಾತ್ರ ಬರೆದ ಚೀಟಿ ಸಾಲುವುದಿಲ್ಲ. "ಸಾರ್, ಮೂರು ದಿನ ರೆಸ್ಟ್ ಅಂತ ಅದರಲ್ಲೇ ಒಂದು ಸಾಲು ಬರೆದುಕೊಡಿ" ಅಂದರೆ ಬರೆಯುತ್ತಾರೆ. ರಕ್ತ ಪರೀಕ್ಷೆಯ ರಿಪೋರ್ಟ್, ಮೆಡಿಕಲ್ ಶಾಪಿನ ಬಿಲ್ಲು ಎಲ್ಲ ಒಂದು ಕವರಿಗೆ ಹಾಕಿಡಿ. ಹಿಂದಿನ ತಾರೀಖು ಹಾಕಿಸಿದ ಚೀಟಿ ಮಾತ್ರ ತರಬೇಡಿ. ಲೆಕ್ಕ ಬರೆಯುವವರ ಕಣ್ಣಿಗೆ ಅದು ತಕ್ಷಣ ಬೀಳುತ್ತದೆ. ಒಮ್ಮೆ ಸಿಕ್ಕಿಬಿದ್ದವನ ನಿಜವಾದ ಜ್ವರವನ್ನೂ ಆಮೇಲೆ ಯಾರೂ ನಂಬುವುದಿಲ್ಲ.

ಮೂರನೆಯದನ್ನು ಜನ ಮಾಡುವುದೇ ಇಲ್ಲ. ವಾಪಸ್ ಬಂದ ದಿನ ಒಂದು ಕೈಬರಹದ ಅರ್ಜಿ ಕೊಡಿ. ಎರಡು ಪ್ರತಿ ಬರೆಯಿರಿ. ನಾನು ಈಗ ನಮ್ಮ ಹುಡುಗರಿಗೆ ಬರೆಸುವುದು ಹೀಗೆ:

"ಮಾಲೀಕರಿಗೆ, ನಾನು ತಾರೀಖು ಇಷ್ಟರಿಂದ ಇಷ್ಟರವರೆಗೆ ಜ್ವರದಿಂದ ಕೆಲಸಕ್ಕೆ ಬರಲಾಗಲಿಲ್ಲ. ಮೊದಲ ದಿನ ಬೆಳಿಗ್ಗೆ ಮೆಸೇಜ್ ಮೂಲಕ ತಿಳಿಸಿದ್ದೆ. ಡಾಕ್ಟರ ಸರ್ಟಿಫಿಕೇಟ್ ಲಗತ್ತಿಸಿದ್ದೇನೆ. ಈ ನಾಲ್ಕು ದಿನವನ್ನು ಕರ್ನಾಟಕ ಅಂಗಡಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಸಂಬಳ ಸಹಿತ ಕಾಯಿಲೆ ರಜೆಯಾಗಿ ಪರಿಗಣಿಸಬೇಕೆಂದು ಕೋರುತ್ತೇನೆ. ಇಂತಿ ನಿಮ್ಮ."

ಒಂದು ಪ್ರತಿ ಅವರಿಗೆ. ಇನ್ನೊಂದರ ಮೇಲೆ 'ತಲುಪಿದೆ' ಅಂತ ಸಹಿ, ತಾರೀಖು ಹಾಕಿಸಿಕೊಳ್ಳಿ. ಸಹಿ ಮಾಡಲ್ಲ ಅಂದರೆ ಜಗಳ ಬೇಡ. ಅಲ್ಲೇ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದು, ಅದೇ ವಾಟ್ಸಾಪ್‌ಗೆ "ಅರ್ಜಿ ಕೊಟ್ಟಿದ್ದೇನೆ ಸರ್" ಅಂತ ಹಾಕಿ. ಸರ್ಟಿಫಿಕೇಟಿನ ಮೂಲ ಪ್ರತಿ ಕೊಡುವ ಮೊದಲು ಅದರದ್ದೂ ಒಂದು ಜೆರಾಕ್ಸ್ ಇರಲಿ.

ಮನೆಯಲ್ಲಿ ಒಂದು ಸಣ್ಣ ಪುಸ್ತಕ ಇಡಿ. ಕ್ಯಾಲೆಂಡರ್ ಮೇಲೆ ಗೀಚಿದರೂ ನಡೆಯುತ್ತದೆ, ಹಾಲಿನ ಲೆಕ್ಕ ಬರೆಯುವುದಿಲ್ವಾ, ಹಾಗೆ. ಯಾವ ದಿನ ಯಾವ ರಜೆ, 12ರಲ್ಲಿ ಎಷ್ಟು ಹೋಯಿತು, ಎಷ್ಟು ಉಳಿಯಿತು. ಕಾಯ್ದೆಯ ಪ್ರಕಾರ ಮಾಲೀಕರೇ ಫಾರಂ ಎಚ್ ಅನ್ನುವ ರಜೆ ಕಾರ್ಡು ಕೊಡಬೇಕು. ಕೇಳಿ ನೋಡಿ. ನಾನು ಕೆಲಸ ಮಾಡಿದ ಮೂರು ಅಂಗಡಿಗಳಲ್ಲಿ ಒಂದರಲ್ಲೂ ಅದನ್ನು ಕಂಡಿಲ್ಲ. ಕೆಲಸಕ್ಕೆ ಸೇರಿದ 30 ದಿನದೊಳಗೆ ನೇಮಕಾತಿ ಪತ್ರವನ್ನೂ ಕೊಡಬೇಕು. ಅದು ಫಾರಂ ಕ್ಯೂ. ನೀವು ಅಲ್ಲಿನ ನೌಕರ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ದಾಖಲೆ ಇಲ್ಲ. ಅದೂ ಇಲ್ಲ ಅಂದರೆ ಸಂಬಳ ಜಮೆ ಆದ ಬ್ಯಾಂಕ್ ಪಾಸ್‌ಬುಕ್, ಗುರುತಿನ ಚೀಟಿ, ಅಂಗಡಿ ಗ್ರೂಪಿನ ಮೆಸೇಜುಗಳು. ಕೈಗೆ ದುಡ್ಡು ತೆಗೆದುಕೊಳ್ಳುವವರು ಯುಪಿಐನಲ್ಲಿ ಹಾಕಿ ಅಂತ ಕೇಳುವುದು ಒಳ್ಳೆಯದು.

ಸಂಬಳ ಬಂದ ದಿನ ಲೆಕ್ಕ ಹಾಕಿ. ಇಲ್ಲಿ ನಮ್ಮ ಕಸುಬಿನ ಒಂದು ಗುಟ್ಟು ಹೇಳುತ್ತೇನೆ. ರಜೆಗೆ ಕಟ್ ಮಾಡುವಾಗ ಸಂಬಳವನ್ನು 26ರಿಂದ ಭಾಗಿಸುತ್ತಾರೆ, ಓಟಿ, ಅಂದರೆ ಹೆಚ್ಚು ಹೊತ್ತು ದುಡಿದದ್ದಕ್ಕೆ ದುಡ್ಡು ಕೊಡುವಾಗ 30ರಿಂದ. 15,600 ಸಂಬಳಕ್ಕೆ ಕಟ್ ಆಗುವುದು ದಿನಕ್ಕೆ 600, ಕೊಡುವಾಗ ದಿನದ ಲೆಕ್ಕ 520. ಒಂದೇ ಮನುಷ್ಯ, ಒಂದೇ ತಿಂಗಳು, ಎರಡು ದರ. ಎರಡು ಕಡೆಯೂ ಒಂದೇ ಸಂಖ್ಯೆಯಿಂದ ಭಾಗಿಸಿ ಅಂತ ಕೇಳುವ ಹಕ್ಕು ನಿಮಗಿದೆ. ನಾನು ಕೇಳಲಿಲ್ಲ, ಯಾಕಂದ್ರೆ ಭಾಗಿಸುತ್ತಿದ್ದವನು ನಾನೇ.

ಕಟ್ ಆಗಿದೆ ಅಂತಲೇ ಇಟ್ಟುಕೊಳ್ಳಿ. ಮೊದಲು ಹೋಗಿ ಮಾತಾಡಿ. ಬೋಣಿ ಹೊತ್ತಿನಲ್ಲಿ ಬೇಡ, ಗಿರಾಕಿ ಮುಂದೆ ಬೇಡ. ಮಧ್ಯಾಹ್ನ ಊಟ ಆದ ಮೇಲೆ ಹೋಗಿ. "ಸರ್, ಈ ನಾಲ್ಕು ದಿನ ಕಾಯಿಲೆ ರಜೆ ಕೇಳಿದ್ದೆ, ಅರ್ಜಿ ಇಲ್ಲಿದೆ, ಕಟ್ ಆಗಿದೆ" ಅಂತ ಕಾಗದ ಮುಂದಿಡಿ. ಬಹಳ ಜನ ಮಾಲೀಕರು ಕೆಟ್ಟವರಲ್ಲ, ಅವರಿಗೂ ಈ 12 ದಿನದ ವಿಷಯ ಗೊತ್ತಿರುವುದಿಲ್ಲ. ಅವರ ಆಡಿಟರ್‌ಗೆ ಗೊತ್ತಿರುತ್ತದೆ. "ಒಂದ್ಸಲ ಆಡಿಟರ್ ಹತ್ರ ಕೇಳಿ ಸರ್" ಅನ್ನುವ ಮಾತಿಗೆ ಕಾನೂನಿನ ಸೆಕ್ಷನ್ನಿಗಿಂತ ಜಾಸ್ತಿ ಬೆಲೆ ಇದೆ, ನಾನು ನೋಡಿದ್ದೇನೆ.

ಮಾತಿಗೆ ಬಗ್ಗದಿದ್ದರೆ ಲೇಬರ್ ಆಫೀಸು. ನಿಮ್ಮ ಏರಿಯಾದ ಕಾರ್ಮಿಕ ನಿರೀಕ್ಷಕರಿಗೆ ಲಿಖಿತ ದೂರು ಕೊಡಬೇಕು. ಬೆಂಗಳೂರಿನಲ್ಲಿ ಇಲಾಖೆಯ ಮುಖ್ಯ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ಯಾವ ನಿರೀಕ್ಷಕರ ವ್ಯಾಪ್ತಿಗೆ ನಿಮ್ಮ ಅಂಗಡಿ ಬರುತ್ತದೆ ಅಂತ ಅಲ್ಲಿ ಕೇಳಬಹುದು. ಸಹಾಯವಾಣಿ 155214. ದೂರು ಒಂದು ಪುಟ ಇರಲಿ: ಯಾವಾಗ ಸೇರಿದಿರಿ, ಸಂಬಳ ಎಷ್ಟು, ಯಾವ ದಿನ ಕಾಯಿಲೆ, ಎಷ್ಟು ಕಟ್. ಬೈಗುಳ, ಹಳೇ ಸಿಟ್ಟು ಬೇಡ. ಜೊತೆಗೆ ಅರ್ಜಿ, ಸರ್ಟಿಫಿಕೇಟ್, ಮೆಸೇಜಿನ ಪ್ರಿಂಟು ಇಡಿ. ನಿರೀಕ್ಷಕರು ರಿಜಿಸ್ಟರ್ ತರಿಸಿಕೊಳ್ಳುತ್ತಾರೆ. ಆಗ ನನ್ನಂಥವನು ತುಂಬಿದ ಫಾರಂ ಎಫ್ ಹೊರಗೆ ಬರುತ್ತದೆ. ಅದರಲ್ಲಿ ನೀವು ಮಾರ್ಚ್‌ನಲ್ಲೇ 12 ದಿನ ಮುಗಿಸಿದ್ದೀರಿ ಅಂತ ಇರಬಹುದು. ಮಾರ್ಚ್‌ನಲ್ಲಿ ನೀವು ಅಂಗಡಿಯಲ್ಲೇ ಇದ್ದಿರಿ ಅನ್ನುವುದಕ್ಕೆ ನಿಮ್ಮ ಕೈಲಿ ಏನಿದೆ? ಮನೆಯ ಆ ಸಣ್ಣ ಪುಸ್ತಕ, ಆವತ್ತು ನೀವು ಬರೆದ ಬಿಲ್ಲು, ಗ್ರೂಪಿನಲ್ಲಿ ಹಾಕಿದ ಸ್ಟಾಕ್ ಫೋಟೋ. ಅದಕ್ಕೇ ಕಾಗದ ಕಾಗದ ಅಂತ ಇಷ್ಟು ಹೊತ್ತು ಬಡಕೊಂಡಿದ್ದು.

ಕೆಲಸದಿಂದ ತೆಗೆದುಬಿಟ್ಟರೆ ಅನ್ನುವ ಭಯ ಇದ್ದೇ ಇರುತ್ತದೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ಇದೇ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಸತತವಾಗಿ ಆರು ತಿಂಗಳು ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ ತೆಗೆಯುವ ಹಾಗಿಲ್ಲ. ಒಂದು ತಿಂಗಳ ನೋಟಿಸ್ ಅಥವಾ ಒಂದು ತಿಂಗಳ ಸಂಬಳ ಕೊಡಬೇಕು. ಆದರೂ ಕೆಲಸ ಹೋದ ಮೇಲೆ ಅಲೆಯುವವರು ನೀವೇ. ಹಾಗಾಗಿ ನನ್ನ ಸಲಹೆ, ಇಬ್ಬರು ಮೂವರು ಸೇರಿ ಕೇಳಿ. ಒಬ್ಬನನ್ನು ತೆಗೆಯುವುದು ಸುಲಭ. ಆಷಾಢದ ಸೇಲ್ ಹೊತ್ತಿನಲ್ಲಿ ಮೂವರನ್ನು ತೆಗೆಯುವ ಯಜಮಾನರನ್ನು ನಾನಿನ್ನೂ ನೋಡಿಲ್ಲ.

ಇನ್ನು ಇಎಸ್‌ಐ, ಅಂದರೆ ಸಂಬಳದಿಂದ ವಂತಿಗೆ ಹಿಡಿದು ಕಾಯಿಲೆ ಬಿದ್ದಾಗ ನೆರವಾಗುವ ಸರ್ಕಾರಿ ನೌಕರರ ವಿಮೆ ಅಲ್ಲ, ನಮ್ಮಂಥ ಕೆಲಸಗಾರರ ವಿಮೆ. ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇದು ಸಿಗುತ್ತದೆ. ನಾನು ಈಗ ಇರುವ ಅಂಗಡಿಯಲ್ಲಿ 19 ಜನ, ಹಾಗಾಗಿ ಇಎಸ್‌ಐ ಇದೆ. 14,000 ಸಂಬಳದ ಹುಡುಗನಿಂದ ಶೇಕಡ 0.75, ಅಂದರೆ 105 ರೂಪಾಯಿ ಹಿಡಿಯುತ್ತೇವೆ. ಮಾಲೀಕರು ಶೇಕಡ 3.25, ಅಂದರೆ 455 ಸೇರಿಸಿ ಕಟ್ಟುತ್ತಾರೆ. ಕಾಯಿಲೆ ಬಿದ್ದರೆ ದಿನದ ಸಂಬಳದ ಶೇಕಡ 70ರಷ್ಟು ಇಎಸ್‌ಐ ಕೊಡುತ್ತದೆ, ವರ್ಷಕ್ಕೆ 91 ದಿನದವರೆಗೆ. ಅದಕ್ಕೆ ಸಂಬಂಧಪಟ್ಟ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಟಿಬಿ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗೆ ಶೇಕಡ 80, ಎರಡು ವರ್ಷದವರೆಗೂ ಹೋಗುತ್ತದೆ.

ಇಲ್ಲಿ ಜನ ಎಡವುವ ಜಾಗ ಎರಡು. ಹೊಸದಾಗಿ ಕಾಯಿಲೆ ಬಿದ್ದಾಗ ಮೊದಲ ಎರಡು ದಿನಕ್ಕೆ ಇಎಸ್‌ಐ ದುಡ್ಡು ಕೊಡುವುದಿಲ್ಲ. ಮತ್ತೆ, ಸರ್ಟಿಫಿಕೇಟ್ ಇಎಸ್‌ಐ ಡಾಕ್ಟರದ್ದೇ ಬೇಕು. ಮನೆ ಪಕ್ಕದ ಕ್ಲಿನಿಕ್ಕಿನಲ್ಲಿ ನಾಲ್ಕು ದಿನ ಕಳೆದು ಆಮೇಲೆ ಇಎಸ್‌ಐ ಡಿಸ್ಪೆನ್ಸರಿಗೆ ಹೋದರೆ ಆ ನಾಲ್ಕು ದಿನ ಹೋದ ಹಾಗೇ. ಒಂದೇ ದಿನಕ್ಕೆ ಅಂಗಡಿ ಸಂಬಳವನ್ನೂ ಇಎಸ್‌ಐ ದುಡ್ಡನ್ನೂ ತೆಗೆದುಕೊಳ್ಳುವ ಹಾಗಿಲ್ಲ. ಇಎಸ್‌ಐ ಇದ್ದವರಿಗೆ ಬೇರೆ ಕಾಯಿಲೆ ರಜೆ ಏಕೆ ಅಂತ ವಾದ ಮಾಡುವ ಮಾಲೀಕರಿದ್ದಾರೆ. ನಾನು ನಮ್ಮ ಹುಡುಗರಿಗೆ ಹೇಳುವುದು ಇಷ್ಟು: ಎರಡು ಮೂರು ದಿನದ ಜ್ವರಕ್ಕೆ ಅಂಗಡಿಯ ಕಾಯಿಲೆ ರಜೆ ಕೇಳಿ, ಆ ಮೊದಲ ಎರಡು ದಿನಕ್ಕೆ ಇಎಸ್‌ಐ ಹೇಗೂ ಕೊಡುವುದಿಲ್ಲ. ಕಾಲು ಮುರಿದಂಥ ಉದ್ದನೆಯ ರಜೆಗೆ ಇಎಸ್‌ಐ ಹಿಡಿಯಿರಿ. ಹಳೇ ಇಎಸ್‌ಐ ಕಾಯ್ದೆ ಇದ್ದಾಗ, ಕಾಯಿಲೆ ದುಡ್ಡು ಬರುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯುವ ಹಾಗೂ ಇರಲಿಲ್ಲ; ಈಗ ಹೇಗೆ ಅಂತ ವಿಚಾರಿಸಿಕೊಳ್ಳಿ.

ಹೆಣ್ಣುಮಕ್ಕಳಿಗೆ ಇನ್ನೊಂದು ವಿಷಯ. 2025ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಮುಟ್ಟಿನ ರಜೆಯ ಆದೇಶ ಹೊರಡಿಸಿತು. 18ರಿಂದ 52 ವಯಸ್ಸಿನವರಿಗೆ ತಿಂಗಳಿಗೆ ಒಂದು ದಿನ, ಸಂಬಳದ ಜೊತೆ. ಡಾಕ್ಟರ್ ಚೀಟಿ ಬೇಡ. ಆ ತಿಂಗಳದ್ದು ಆ ತಿಂಗಳಿಗೇ. ಅಂಗಡಿ ಕಾಯ್ದೆಯ ಕೆಳಗಿನವರು, ಗುತ್ತಿಗೆಯವರು ಎಲ್ಲ ಸೇರಿದ್ದಾರೆ. ಅದರ ವಿರುದ್ಧ ಕೆಲವು ಮಾಲೀಕರ ಸಂಘದವರು ಹೈಕೋರ್ಟಿಗೂ ಹೋದರು, ಹಾಗಾಗಿ ಕೇಳುವ ಮೊದಲು ಈಗಿನ ಸ್ಥಿತಿ ಏನು ಅಂತ ಸಹಾಯವಾಣಿಯಲ್ಲಿ ವಿಚಾರಿಸಿ. ಇದನ್ನು 12 ದಿನದ ಕಾಯಿಲೆ ರಜೆಯಲ್ಲಿ ಕಳೆಯಲು ಬಿಡಬೇಡಿ.

ನನ್ನ 4,200 ಏನಾಯ್ತು ಅಂತ ಕೇಳುತ್ತೀರಿ. ಪ್ಲೇಟ್‌ಲೆಟ್ ರಿಪೋರ್ಟ್ ಇತ್ತು, ಡಾಕ್ಟರ್ ಚೀಟಿ ಇತ್ತು. ಮೊದಲ ದಿನದ ಮೆಸೇಜ್ ಇರಲಿಲ್ಲ, ಹೆಂಡತಿ ಫೋನ್ ಮಾಡಿ ಹೇಳಿದ್ದಳು ಅಷ್ಟೇ. ಯಜಮಾನರ ಮುಂದೆ ಫಾರಂ ಎಫ್ ತೆರೆದಿಟ್ಟೆ. "ನೀನೇ ಬರೆದಿರೋದಲ್ವಾ" ಅಂದರು. ನಾನೇ ಬರೆದದ್ದು, ಏನು ಹೇಳಲಿ? ಎರಡು ತಿಂಗಳು ಬಿಟ್ಟು ದೀಪಾವಳಿಗೆ ಕವರಿನಲ್ಲಿ ಪೂರ್ತಿ ದುಡ್ಡು ಕೊಟ್ಟರು. ಆದರೆ ಸಂಬಳ ಅಂತ ಬರೆಯಲು ಬಿಡಲಿಲ್ಲ, ಅಡ್ವಾನ್ಸ್ ಅಂತ ಬರೆಸಿದರು. ಆಮೇಲೆ ಅದನ್ನು ಯಾವತ್ತೂ ವಾಪಸ್ ಕೇಳಲಿಲ್ಲ. ಆ ಅಂಗಡಿಯ ಲೆಡ್ಜರಿನಲ್ಲಿ ಇವತ್ತಿಗೂ ನಾನು 4,200 ರೂಪಾಯಿ ಸಾಲಗಾರ.